ಹೆಡ್ ಹೆವಿ, ಹೆಡ್ ಲೈಟ್, ಸ್ಟಿಫ್: ರಾಕೆಟ್ ಹೋಲಿಸುವಾಗ ನಿಜವಾಗಿ ಏನನ್ನು ನೋಡಬೇಕು?

ಬ್ಯಾಕ್‌ಹ್ಯಾಂಡ್ ಬಡವ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಡ್ಮಿಂಟನ್‌ನಲ್ಲಿ ಹೆಚ್ಚಾಗಿ ಡಬಲ್ಸ್ ಆಡುವವನು. ಈಗ ಕೈಯಲ್ಲಿ ಎರಡು ರಾಕೆಟ್ ಇವೆ. ಒಂದು 4ಯು (ಇದು ತೂಕದ ಗುರುತು), ಹೆಡ್ ಹೆವಿ, ಶಾಫ್ಟ್ (ಹಿಡಿಗೂ ತಲೆಗೂ ನಡುವಿನ ಕೋಲು) ಮೀಡಿಯಂ. ಇನ್ನೊಂದು 3ಯು, ಹೆಡ್ ಲೈಟ್, ಶಾಫ್ಟ್ ಸ್ಟಿಫ್, ಅಂದರೆ ಸುಲಭಕ್ಕೆ ಬಗ್ಗದ್ದು. ಓದಿದ್ದರ ಪ್ರಕಾರ ಎರಡನೆಯದು ಚುರುಕಾಗಿ ಓಡಾಡಬೇಕು, ಡಿಫೆನ್ಸ್‌ಗೆ ಸುಲಭ ಆಗಬೇಕು. ನನಗೆ ಆಗುತ್ತಿರುವುದು ಉಲ್ಟಾ. ಹೆಡ್ ಲೈಟ್ ರಾಕೆಟ್ಟೇ ಬೀಸಲು ಭಾರ ಅನಿಸುತ್ತದೆ. ಎರಡನೇ ಗೇಮ್ ಹೊತ್ತಿಗೆ ಮುಂಗೈ ಬಿಗಿಯುತ್ತದೆ. ಹೆಡ್ ಹೆವಿಯಲ್ಲಿ ಆರಾಮಾಗಿ ಆಡುತ್ತೇನೆ.

ಲೇಬಲ್ ಸುಳ್ಳಾ, ಅಥವಾ ನನ್ನ ಕೈ ಸುಳ್ಳಾ? ಮೂರನೆಯದು ತಗೊಳ್ಳುವ ಮುಂಚೆ ಹೋಲಿಸುವುದು ಹೇಗೆ ಅಂತ ಸರಿಯಾಗಿ ತಿಳಿದುಕೊಳ್ಳಬೇಕು. ಇಂಥ ಕಂಪನಿ ಚೆನ್ನಾಗಿದೆ, ಅದನ್ನೇ ತಗೊಳ್ಳಿ ಅನ್ನುವ ಉತ್ತರ ಬೇಡ.

ನೆಟ್ ಕಾಯೋನು

ಮೊದಲು ಒಂದು ಪ್ರಶ್ನೆ. ಎರಡಕ್ಕೂ ಒಂದೇ ಗಟ್ಟಿಂಗ್ (ದಾರ) ಹಾಕಿಸಿದ್ದೀರಾ? ಗ್ರಿಪ್ ಹೇಗಿದೆ?

ಇದನ್ನು ಕೇಳುವುದಕ್ಕೆ ಕಾರಣ ಇದೆ. ಹೆಡ್ ಹೆವಿ, ಹೆಡ್ ಲೈಟ್ ಅನ್ನುವುದು ಬ್ಯಾಲೆನ್ಸ್ ಪಾಯಿಂಟ್ ಮೇಲೆ ನಿಂತಿರುವ ಮಾತು. ರಾಕೆಟ್ಟನ್ನು ಬೆರಳ ಮೇಲೆ ಅಡ್ಡ ಇಟ್ಟಾಗ ಎಲ್ಲಿ ಸಮ ನಿಲ್ಲುತ್ತದೋ ಆ ಜಾಗಕ್ಕೂ ಹಿಡಿಯ ಬುಡಕ್ಕೂ ಇರುವ ದೂರ ಅದು. ಗಟ್ಟಿಂಗ್ ಇಲ್ಲದ ರಾಕೆಟ್ಟಿನಲ್ಲಿ ಸುಮಾರು 285 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೆಡ್ ಲೈಟ್ ಅನ್ನುತ್ತಾರೆ, 295 ದಾಟಿದರೆ ಹೆಡ್ ಹೆವಿ, ನಡುವಿನದು ಈವನ್. ಇದು ರೂಢಿ ಅಷ್ಟೇ. ಎಲ್ಲ ಕಂಪನಿಗಳೂ ಒಪ್ಪಿಕೊಂಡ ನಿಯಮ ಅಲ್ಲ. ಒಬ್ಬರ ಈವನ್ ಇನ್ನೊಬ್ಬರ ಹೆಡ್ ಹೆವಿ ಆಗಿರಬಹುದು.

ತೂಕದ ಕಥೆಯೂ ಹಾಗೇ. ಯೋನೆಕ್ಸ್ ಕಂಪನಿಯ ಲೆಕ್ಕದಲ್ಲಿ 3ಯು ಅಂದರೆ 85ರಿಂದ 89.9 ಗ್ರಾಂ, 4ಯು ಅಂದರೆ 80ರಿಂದ 84.9, 5ಯು ಅಂದರೆ 75ರಿಂದ 79.9. ಅಂದರೆ ಒಂದೇ ಮಾಡೆಲ್, ಒಂದೇ ಲೇಬಲ್ ಇರುವ ಎರಡು ರಾಕೆಟ್ ನಡುವೆಯೇ ನಾಲ್ಕು ಗ್ರಾಂ ಫರಕು ಇರಬಹುದು. 84.5ರ 4ಯು ಮತ್ತು 85.5ರ 3ಯು ಪಕ್ಕಪಕ್ಕ ಇಟ್ಟರೆ ಹೆಸರು ಬೇರೆ, ರಾಕೆಟ್ ಹೆಚ್ಚು ಕಡಿಮೆ ಒಂದೇ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ.

ಬ್ಯಾಕ್‌ಹ್ಯಾಂಡ್ ಬಡವ

ಗಟ್ಟಿಂಗ್ ಒಂದೇ ಅಲ್ಲ. ಹೆಡ್ ಹೆವಿಯಲ್ಲಿ 0.65 ಮಿ.ಮೀ.ನ ತೆಳು ದಾರ ಇದೆ, ಬಂದ ಗ್ರಿಪ್ ಹಾಗೇ ಇದೆ. ಹೆಡ್ ಲೈಟ್‌ನಲ್ಲಿ 0.70ರ ದಾರ, ಟೆನ್ಷನ್ (ದಾರದ ಬಿಗಿ) ಸ್ವಲ್ಪ ಜಾಸ್ತಿ. ಹಿಡಿ ಸಣ್ಣದು ಅನಿಸಿದ್ದಕ್ಕೆ ಮೂಲ ಗ್ರಿಪ್ ಮೇಲೆ ಎರಡು ಓವರ್‌ಗ್ರಿಪ್ (ಮೇಲೆ ಸುತ್ತುವ ಪಟ್ಟಿ) ಸುತ್ತಿದ್ದೇನೆ. ಬೆರಳ ಮೇಲೆ ಇಟ್ಟು ನೋಡಿದರೆ ಅದು ಮೊದಲಿಗಿಂತ ಇನ್ನೂ ಹೆಡ್ ಲೈಟ್ ಆಗಿದೆ. ಆದರೂ ಭಾರ.

ಗ್ರಾಂ ಲೆಕ್ಕ

ನಿಮ್ಮ ಸಮಸ್ಯೆ ಅಲ್ಲೇ ಇದೆ. ಬ್ಯಾಲೆನ್ಸ್ ಪಾಯಿಂಟ್ ಅನ್ನುವುದು ರಾಕೆಟ್ ಸುಮ್ನೆ ಬಿದ್ದಿದ್ದಾಗಿನ ಅಳತೆ. ಬೀಸುವಾಗ ಕೈಗೆ ತಿಳಿಯುವುದು ಸ್ವಿಂಗ್ ವೇಟ್. ಎರಡಕ್ಕೂ ಸಂಬಂಧ ಇದೆ, ಆದರೆ ಎರಡೂ ಒಂದೇ ಅಲ್ಲ.

ಲೆಕ್ಕ ಹಾಕಿ ತೋರಿಸುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. 88 ಗ್ರಾಂ ರಾಕೆಟ್, ಗಟ್ಟಿಂಗ್ ಇಲ್ಲ, ಬ್ಯಾಲೆನ್ಸ್ 295 ಅಂದುಕೊಳ್ಳಿ. ಇದಕ್ಕೆ ದಾರ ಹಾಕಿದಿರಿ. ದಾರದ ತೂಕ ಹೆಚ್ಚು ಕಡಿಮೆ 4 ಗ್ರಾಂ. ಅದು ಕೂರುವುದು ಹೆಡ್ ನಡುವೆ, ಬುಡದಿಂದ ಸುಮಾರು 545 ಮಿ.ಮೀ. ದೂರದಲ್ಲಿ. ಬ್ಯಾಲೆನ್ಸ್ 306ಕ್ಕೆ ಹೋಗುತ್ತದೆ. ಈಗ 5 ಗ್ರಾಂ ಓವರ್‌ಗ್ರಿಪ್ ಸುತ್ತಿ. ಅದರ ತೂಕ ಬುಡದಿಂದ ಸುಮಾರು 80 ಮಿ.ಮೀ. ಹತ್ತಿರ ಇರುತ್ತದೆ. ಬ್ಯಾಲೆನ್ಸ್ 294ಕ್ಕೆ ವಾಪಸ್ ಬರುತ್ತದೆ.

ಕಾಗದದ ಮೇಲೆ ಏನೂ ಬದಲಾಗಿಲ್ಲ. 295 ಇದ್ದದ್ದು 294 ಆಯಿತು, ಅಷ್ಟೇ. ಆದರೆ ಕೈಗೆ ಅದು ಹಳೇ ರಾಕೆಟ್ ಅಲ್ಲ.

ಸ್ವಿಂಗ್ ವೇಟ್ ಲೆಕ್ಕದಲ್ಲಿ ದೂರಕ್ಕೆ ವರ್ಗ ಬರುತ್ತದೆ. ರಾಕೆಟ್ ತಿರುಗುವ ಜಾಗ ಹಿಡಿಯೊಳಗೆ, ಬುಡದಿಂದ 90 ಮಿ.ಮೀ. ಹತ್ತಿರ ಅಂತ ಇಟ್ಟುಕೊಳ್ಳಿ. ಖಾಲಿ ರಾಕೆಟ್ಟಿನ ಸ್ವಿಂಗ್ ವೇಟ್ 85 ಕಿಲೋ ಚದರ ಸೆಂ.ಮೀ. ಇತ್ತು ಅನ್ನೋಣ. ದಾರ ಇರುವುದು ಆ ಜಾಗದಿಂದ 45.5 ಸೆಂ.ಮೀ. ಆಚೆ. ಅದರ ವರ್ಗವನ್ನು 4 ಗ್ರಾಂನಿಂದ, ಅಂದರೆ 0.004 ಕಿಲೋದಿಂದ, ಗುಣಿಸಿದರೆ 8ಕ್ಕಿಂತ ಸ್ವಲ್ಪ ಜಾಸ್ತಿ ಸೇರುತ್ತದೆ. 85 ಇದ್ದದ್ದು 93 ಆಯಿತು. ಓವರ್‌ಗ್ರಿಪ್ ಇರುವುದು ತಿರುಗುವ ಜಾಗದಿಂದ ಒಂದೇ ಸೆಂ.ಮೀ. ಆಚೆ. ಅದು ಸೇರಿಸುವುದು 0.005. ಹತ್ತಿರ ಹತ್ತಿರ ಸೊನ್ನೆ.

ಹಾಗಾಗಿ ಓವರ್‌ಗ್ರಿಪ್ ಸುತ್ತಿ ಹೆಡ್ ಹಗುರ ಮಾಡಿಕೊಂಡೆ ಅನ್ನುವುದು ಅರ್ಧ ಮಾತು. ಬ್ಯಾಲೆನ್ಸ್ ಪಾಯಿಂಟ್ ಕೆಳಗಿಳಿಯುತ್ತದೆ, ಸ್ವಿಂಗ್ ವೇಟ್ ಇಳಿಯುವುದಿಲ್ಲ. ಕೈ ಹೊರುವ ಒಟ್ಟು ತೂಕ ಮಾತ್ರ ಏರುತ್ತದೆ. ನಿಮ್ಮ ಹೆಡ್ ಲೈಟ್ ರಾಕೆಟ್ಟಿನಲ್ಲಿ ಎರಡು ಓವರ್‌ಗ್ರಿಪ್, ದಪ್ಪ ದಾರ, ಮೇಲೆ 3ಯು ಚೌಕಟ್ಟು. ಭಾರ ಅನಿಸದಿದ್ದರೇ ಆಶ್ಚರ್ಯ.

ಅಂದ ಹಾಗೆ ತಲೆಯ ತುದಿಗೆ ಬರೀ 1 ಗ್ರಾಂ ಸೀಸದ ಟೇಪ್ ಅಂಟಿಸಿ ನೋಡಿ. ಬ್ಯಾಲೆನ್ಸ್ ನಾಲ್ಕು ಮಿ.ಮೀ. ಮೇಲೆ ಹೋಗುತ್ತದೆ, ಸ್ವಿಂಗ್ ವೇಟ್ 3.4ರಷ್ಟು ಏರುತ್ತದೆ. ಬುಡದಲ್ಲಿ 5 ಗ್ರಾಂ ಸೇರಿದ್ದು ಗೊತ್ತಾಗದವರಿಗೂ ಇದು ಗೊತ್ತಾಗುತ್ತದೆ.

ಸ್ಮ್ಯಾಷ್ ಪ್ರಿಯ

ಲೆಕ್ಕ ಎಲ್ಲ ಸರಿ ಸ್ವಾಮಿ. ಆದರೆ ಪವರ್ ಬೇಕು ಅಂದರೆ ಹೆಡ್ ಹೆವಿಯೇ ಬೇಕು. ಭಾರದ ತಲೆ ಕಾಕ್‌ಗೆ (ಶಟಲ್‌ಗೆ) ತಾಗಿದರೆ ಹೋಗುವ ರೀತಿಯೇ ಬೇರೆ. ಹೆಡ್ ಲೈಟ್‌ನಲ್ಲಿ ಸ್ಮ್ಯಾಷ್ ಹೊಡೆದರೆ ಎದುರಿನವರು ನಿಧಾನಕ್ಕೆ ಎತ್ತಿ ಕಳಿಸುತ್ತಾರೆ. ಇಷ್ಟು ವರ್ಷ ಎಲ್ಲರೂ ಹೇಳಿದ್ದು ಸುಳ್ಳಾ?

ಗ್ರಾಂ ಲೆಕ್ಕ

ಪೂರ್ತಿ ಸುಳ್ಳಲ್ಲ. ಆದರೆ ಒಂದು ವಿಷಯ ನೋಡಿ. 2023ರ ಏಪ್ರಿಲ್‌ನಲ್ಲಿ ಜಪಾನ್‌ನಲ್ಲಿ ನಮ್ಮ ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಷ್ ಹೊಡೆದು ದಾಖಲೆ ಮಾಡಿದರು. ಕೈಯಲ್ಲಿದ್ದದ್ದು ಯೋನೆಕ್ಸ್ ನ್ಯಾನೋಫ್ಲೇರ್ 1000 ಝಡ್. ಅದಕ್ಕೂ ಹಿಂದೆ, 2013ರಲ್ಲಿ ಮಲೇಷ್ಯಾದ ತಾನ್ ಬೂನ್ ಹಿಯಾಂಗ್ 493 ಕಿ.ಮೀ. ಮುಟ್ಟಿದ್ದು ನ್ಯಾನೋರೇ ಝಡ್ ಸ್ಪೀಡ್‌ನಲ್ಲಿ. ಎರಡೂ ಹೆಡ್ ಲೈಟ್ ಅಂತ ಮಾರಿದ ರಾಕೆಟ್‌ಗಳು. ಎರಡರ ಶಾಫ್ಟೂ ತುಂಬಾ ಸ್ಟಿಫ್. ಇವು ಪಂದ್ಯದಲ್ಲಿ ಅಳೆದದ್ದಲ್ಲ, ಅದಕ್ಕೆಂದೇ ಏರ್ಪಾಡು ಮಾಡಿ ಅಳೆದದ್ದು. ಅದು ಗೊತ್ತು. ಆದರೂ ವೇಗವೇ ಗುರಿ ಆಗಿದ್ದಾಗ ಹೊರಬಂದ ರಾಕೆಟ್ ಯಾವುದು ಅಂತ ಗಮನಿಸಿ.

ಕಾರಣ ಸರಳ. ಕಾಕ್ ತೂಕ ನಿಯಮದ ಪ್ರಕಾರ 4.74ರಿಂದ 5.50 ಗ್ರಾಂ. ಮೇಲಿನ ಉದಾಹರಣೆಯ 93ರ ರಾಕೆಟ್ ಹೆಡ್ ನಡುವೆ ಕಾಕ್‌ಗೆ ತಾಗಿದರೆ, ಆ ಜಾಗದಲ್ಲಿ ಅದು ಸುಮಾರು 45 ಗ್ರಾಂ ವಸ್ತುವಿನ ಹಾಗೆ ವರ್ತಿಸುತ್ತದೆ. ಕಾಕ್‌ಗಿಂತ ಒಂಬತ್ತು ಪಟ್ಟು ಭಾರ. ಈಗ ಸ್ವಿಂಗ್ ವೇಟ್ ಶೇ. 10ರಷ್ಟು ಏರಿಸಿ, ಬೀಸುವ ವೇಗ ಹಾಗೇ ಇರಲಿ. ಕಾಕ್ ವೇಗ ಏರುವುದು ಶೇ. 1ಕ್ಕಿಂತ ಕಡಿಮೆ! ಅದೇ ಬೀಸುವ ವೇಗ ಶೇ. 1 ಏರಿದರೆ ಕಾಕ್ ವೇಗವೂ ನೇರವಾಗಿ ಶೇ. 1 ಏರುತ್ತದೆ. ಇದು ಒರಟು ಲೆಕ್ಕ. ಮಣಿಕಟ್ಟು, ದಾರದ ಚಿಮ್ಮು ಎಲ್ಲ ಇದರಲ್ಲಿಲ್ಲ. ಆದರೆ ಯಾವ ಕಡೆ ಹೆಚ್ಚು ಲಾಭ ಅಂತ ಗೊತ್ತಾಗುತ್ತದೆ ಅಲ್ವಾ?

ಸ್ಮ್ಯಾಷ್ ಪ್ರಿಯ

ಹಾಗಾದರೆ ಎಲ್ಲರೂ 5ಯು ಹೆಡ್ ಲೈಟ್ ಹಿಡಿದು ಆಡಬೇಕಿತ್ತಲ್ಲ? ಸಿಂಗಲ್ಸ್ ಆಡುವ ದೊಡ್ಡ ಆಟಗಾರರ ಕೈಯಲ್ಲಿ ಯೋನೆಕ್ಸ್‌ನ ಹೆಡ್ ಹೆವಿ ಆಸ್ಟ್ರಾಕ್ಸ್ ಯಾಕೆ?

ಗ್ರಾಂ ಲೆಕ್ಕ

ಒಳ್ಳೇ ಪ್ರಶ್ನೆ. ಸ್ವಿಂಗ್ ವೇಟ್ ಶೇ. 10 ಇಳಿಸಿದರೆ ಬೀಸುವ ವೇಗ ಶೇ. 10 ಏರುವುದಿಲ್ಲ. ಯಾಕೆಂದರೆ ನೀವು ಬೀಸುವುದು ರಾಕೆಟ್ ಒಂದನ್ನೇ ಅಲ್ಲ, ಕೈಯನ್ನೂ ಬೀಸುತ್ತೀರಿ. ತೋಳು, ಮುಂಗೈ, ಅಂಗೈ ಎಲ್ಲ ಸೇರಿ ರಾಕೆಟ್ಟಿಗಿಂತ ಎಷ್ಟೋ ಪಟ್ಟು ಭಾರ. ಪೂರ್ತಿ ತೋಳಿನ ಸ್ಮ್ಯಾಷ್‌ನಲ್ಲಿ ರಾಕೆಟ್ಟಿನ ಐದಾರು ಗ್ರಾಂ ದೊಡ್ಡ ವಿಷಯ ಅಲ್ಲ. ಬಲ ಇರುವವರಿಗೆ ಭಾರದ ತಲೆ ಅಲ್ಲಿ ನಷ್ಟ ಮಾಡುವುದಿಲ್ಲ. ಹೊಡೆತ ಒಂದೇ ದಾರಿಯಲ್ಲಿ ಬರುತ್ತದೆ, ತಲೆ ಆಚೀಚೆ ಅಲುಗುವುದಿಲ್ಲ. ಅವರಿಗೆ ಅದೇ ಇಷ್ಟ.

ಡ್ರೈವ್, ಬ್ಲಾಕ್, ನೆಟ್ ಮುಂದಿನ ಕಿಲ್ ಬೇರೆ. ಅಲ್ಲಿ ಬೀಸುವುದು ಬೆರಳು ಮತ್ತು ಮುಂಗೈ. ಅಲ್ಲಿ ಅದೇ ಐದು ಗ್ರಾಂ ಎದ್ದು ಕಾಣುತ್ತದೆ. ಹಾಗಾಗಿ ಸ್ವಿಂಗ್ ಸ್ಪೀಡ್ ಅಂತ ಒಂದೇ ಅಂಕಿ ಇಟ್ಟುಕೊಂಡು ರಾಕೆಟ್ ಹೋಲಿಸಬೇಡಿ. ಸ್ಮ್ಯಾಷ್‌ನ ವೇಗ ಒಂದು, ಡಿಫೆನ್ಸ್‌ನಲ್ಲಿ ರಾಕೆಟ್ ತಿರುಗಿಸುವ ವೇಗ ಇನ್ನೊಂದು.

ನೆಟ್ ಕಾಯೋನು

ಇದಕ್ಕೇ ಅಲ್ವಾ ಆಸ್ಟ್ರಾಕ್ಸ್ 88 ಎಸ್ ಮತ್ತು 88 ಡಿ ಅಂತ ಜೋಡಿ ಬಂದದ್ದು? ಮುಂದೆ ನಿಲ್ಲುವವನಿಗೆ ಎಸ್, ಹಿಂದಿನಿಂದ ಹೊಡೆಯುವವನಿಗೆ ಡಿ. ಮಾರಾಟದ ಜಾಣತನವೂ ಇದೆ ಬಿಡಿ. ಆದರೆ ಯೋಚನೆ ತಪ್ಪಲ್ಲ. ನಾನು ಹೆಚ್ಚಾಗಿ ಮುಂದೆ ನಿಲ್ಲುವವನು. ನನಗೆ ತಲೆ ಹಗುರ ಇದ್ದರೇ ಜೀವ.

ಹಳೇ ಕೋರ್ಟು

ಬ್ಯಾಲೆನ್ಸ್ ಬಗ್ಗೆ ಸಾಕಷ್ಟು ಆಯಿತು. ಶಾಫ್ಟ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಮಕ್ಕಳಿಗೆ ಕಲಿಸುವಾಗ ನಾನು ಹೆಚ್ಚು ನೋಡುವುದು ಅದನ್ನೇ.

ಮುಂದಕ್ಕೆ ಬೀಸಲು ಶುರು ಮಾಡಿದಾಗ ಕೈ ಮುಂದೆ ಹೋಗುತ್ತದೆ, ತಲೆ ಹಿಂದೆ ಉಳಿಯುತ್ತದೆ, ಶಾಫ್ಟ್ ಬಗ್ಗುತ್ತದೆ. ಆಮೇಲೆ ಅದು ನೇರ ಆಗುತ್ತಾ ಚಿಮ್ಮುತ್ತದೆ. ಕಾಕ್ ತಾಗುವ ಹೊತ್ತಿಗೆ ಶಾಫ್ಟ್ ನೇರ ಆಗಿ ಮುಂದೆ ಚಿಮ್ಮುತ್ತಿದ್ದರೆ ತಲೆಗೆ ಒಂದಿಷ್ಟು ವೇಗ ಸೇರುತ್ತದೆ. ಇನ್ನೂ ಹಿಂದೆಯೇ ಬಗ್ಗಿದ್ದರೆ ಹೊಡೆತ ತಡ, ಮುಖ ತೆರೆದಿರುತ್ತದೆ, ಕಾಕ್ ಮೇಲಕ್ಕೆ ಹೋಗುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕಾಕ್ ತಾಗಿದಾಗ ಶಾಫ್ಟ್ ಬಗ್ಗಿ ಅದನ್ನು ಎಸೆಯುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಕಾಕ್ ದಾರದ ಮೇಲೆ ಇರುವುದೇ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಶಾಫ್ಟ್ ಬಗ್ಗಿ ವಾಪಸ್ ಬರಲು ಸಮಯ ಎಲ್ಲಿದೆ? ಶಾಫ್ಟಿನ ಕೆಲಸ ಕಾಕ್ ತಾಗುವ ಮುಂಚೆಯೇ ಮುಗಿದಿರುತ್ತದೆ. ಆಮೇಲಿನದು ದಾರದ ಕೆಲಸ.

ಹಾಗಾಗಿ ಸ್ಟಿಫ್ ಅಂದರೆ ಪವರ್ ಜಾಸ್ತಿ, ಫ್ಲೆಕ್ಸಿಬಲ್ ಅಂದರೆ ಕಡಿಮೆ ಅನ್ನುವುದು ಸರಿ ಅಲ್ಲ. ಅದು ಟೈಮಿಂಗ್ ವಿಷಯ. ಚಿಕ್ಕ, ಚುರುಕು ಬೀಸು ಇರುವವರಿಗೆ ಸ್ಟಿಫ್ ಶಾಫ್ಟ್ ಬೇಗ ನೇರ ಆಗುತ್ತದೆ, ಹೇಳಿದ ಜಾಗಕ್ಕೆ ಹೋಗುತ್ತದೆ. ದೊಡ್ಡದಾಗಿ, ನಿಧಾನಕ್ಕೆ ಬೀಸುವವರ ಕೈಯಲ್ಲಿ ಅದೇ ಶಾಫ್ಟ್ ಬಗ್ಗುವುದೇ ಇಲ್ಲ. ಹಿಂದಿನ ಗೆರೆಯಿಂದ ಕ್ಲಿಯರ್ (ಎದುರಿನ ಹಿಂದಿನ ಗೆರೆಗೆ ಎತ್ತರಕ್ಕೆ ಕಳಿಸುವ ಹೊಡೆತ) ಹೊಡೆದರೆ ನಡು ಕೋರ್ಟಿಗೆ ಬೀಳುತ್ತದೆ. ಕಲಿಯುವವರಿಗೆ ನಾನು ಮೀಡಿಯಂ ಕೊಡುತ್ತೇನೆ. ಅವರಿಗೆ ಬೇಜಾರಾಗುತ್ತದೆ, ಟಿವಿಯಲ್ಲಿ ನೋಡಿದ್ದೇ ಬೇಕು ಅವರಿಗೆ. ಕೊಡುವುದಿಲ್ಲ.

ಬಡವರೇ, ನಿಮ್ಮ ಮುಂಗೈ ಬಿಗಿಯುವುದಕ್ಕೆ ಇದೂ ಕಾರಣ ಇರಬಹುದು. ಸ್ಟಿಫ್ ಶಾಫ್ಟ್, ಟೆನ್ಷನ್ ಜಾಸ್ತಿ. ಕಾಕ್ ದೂರ ಹೋಗುತ್ತಿಲ್ಲ ಅಂತ ಗೊತ್ತಿಲ್ಲದೇ ಗಟ್ಟಿಯಾಗಿ ಹಿಡಿದು ಹೊಡೆಯುತ್ತಿರಬಹುದು. ನೋವು ಉಳಿದರೆ ಮಾತ್ರ ರಾಕೆಟ್ ವಿಷಯ ಬಿಟ್ಟು ಡಾಕ್ಟರಿಗೆ ತೋರಿಸಿ.

ದಾರದವನು

ಗಟ್ಟಿಂಗ್ ಹಾಕುವುದೇ ನನ್ನ ಕೆಲಸ, ಅದಕ್ಕೆ ಎರಡು ಮಾತು.

ಸ್ಟಿಫ್ ಅನ್ನುವ ಪದದಡಿ ಎರಡು ಬೇರೆ ವಿಷಯ ತುಂಬಿಸುತ್ತಾರೆ. ಒಂದು ಶಾಫ್ಟ್ ಉದ್ದಕ್ಕೆ ಬಗ್ಗುವುದು. ಇನ್ನೊಂದು ತಲೆ ತಿರುಚುವುದು. ಕಾಕ್ ನಡುವಿಗೆ ತಾಗದೇ ಪಕ್ಕಕ್ಕೆ ತಾಗಿದಾಗ ತಲೆ ತಿರುಚಿದರೆ ಹೊಡೆತ ಬೇರೆ ಕಡೆ ಹೋಗುತ್ತದೆ. ಶಾಫ್ಟ್ ಮೆದು ಇದ್ದೂ ತಿರುಚದ ರಾಕೆಟ್ ಇವೆ. ಶಾಫ್ಟ್ ಗಟ್ಟಿ ಇದ್ದೂ ತಲೆ ಸಡಿಲ ಅನಿಸುವ ರಾಕೆಟ್‌ಗಳೂ ಇವೆ. ಲೇಬಲ್ ಮೇಲೆ ಬರೆಯುವುದು ಮೊದಲನೆಯದನ್ನು ಮಾತ್ರ. ಅದೂ ಕಂಪನಿಗೊಂದು ಅಳತೆ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಸ್ಟಿಫ್‌ಗಿಂತ ಗಟ್ಟಿ ಇದ್ದರೆ ಆಶ್ಚರ್ಯ ಬೇಡ.

ಶಾಫ್ಟ್ ಒಂದೇ ಇದ್ದು ತಲೆ ಭಾರ ಆದರೆ, ಬೀಸುವಾಗ ಅದೇ ಶಾಫ್ಟ್ ಜಾಸ್ತಿ ಬಗ್ಗುತ್ತದೆ. ಅಂದರೆ ಬ್ಯಾಲೆನ್ಸ್ ಬದಲಾದರೆ ಸ್ಟಿಫ್‌ನೆಸ್ ಕೂಡ ಕೈಗೆ ಬದಲಾದ ಹಾಗೆ ಅನಿಸುತ್ತದೆ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದು ಅಂಕ ಕೊಡುವವರು ಇದನ್ನು ಮರೆಯುತ್ತಾರೆ.

ಮನೆಯಲ್ಲಿ ಹೋಲಿಸಬೇಕು ಅಂದರೆ ಹಿಡಿಯನ್ನು ಮೇಜಿಗೆ ಕ್ಲ್ಯಾಂಪ್ ಹಾಕಿ ಬಿಗಿ ಮಾಡಿ. ಶಾಫ್ಟ್ ಮತ್ತು ಫ್ರೇಮ್ ಸೇರುವ ಟೀ ಜಾಯಿಂಟ್ ಹತ್ತಿರ ಅರ್ಧ ಕಿಲೋ ತೂಕದ ಚೀಲ ತೂಗುಹಾಕಿ. ಎಷ್ಟು ಮಿ.ಮೀ. ಇಳಿಯಿತು ಅಂತ ಸ್ಕೇಲ್ ಇಟ್ಟು ನೋಡಿ. ಇನ್ನೊಂದಕ್ಕೂ ಅಷ್ಟೇ ತೂಕ, ಅದೇ ಜಾಗ. ಅಂಗಡಿ ಲೇಬಲ್‌ಗಿಂತ ಇದು ವಾಸಿ. ತಲೆಯ ತುದಿಗೆ ತೂಕ ಕಟ್ಟಬೇಡಿ. ಮೊಣಕಾಲ ಮೇಲೆ ಇಟ್ಟು ಎರಡೂ ಕೈಯಲ್ಲಿ ಬಗ್ಗಿಸಿ ನೋಡುವವರಿಗೆ ನನ್ನ ಕಡೆಯಿಂದ ಕೈ ಮುಗಿದು ವಿನಂತಿ, ಹಾಗೆ ಮಾಡಬೇಡಿ. ಒಳಗೆ ಕೂದಲಷ್ಟು ಸೀಳು ಬಿಟ್ಟರೆ ಹೊರಗೆ ಕಾಣುವುದಿಲ್ಲ. ಆಮೇಲೆ ಗಟ್ಟಿಂಗ್ ಹಾಕುವಾಗ ಮೆಷಿನ್ ಮೇಲೆ ಮುರಿಯುತ್ತದೆ, ಬೈಗುಳ ನನಗೆ ಬೀಳುತ್ತದೆ.

ದಾರದ ವಿಷಯ: 0.65 ಮತ್ತು 0.70 ನಡುವೆ ತೂಕದ ಫರಕು ಅರ್ಧ ಗ್ರಾಂ ಆಸುಪಾಸು. ಅದು ದೊಡ್ಡದಲ್ಲ. ಆದರೆ ಚಿಮ್ಮು, ಸದ್ದು, ಕೈಗೆ ಬರುವ ಪೆಟ್ಟು ಎಲ್ಲ ಬೇರೆ. ಎರಡು ರಾಕೆಟ್ಟಿಗೆ ಎರಡು ದಾರ, ಎರಡು ಟೆನ್ಷನ್ ಹಾಕಿ ಹೋಲಿಸಿದರೆ ನೀವು ಹೋಲಿಸಿದ್ದು ದಾರವನ್ನೇ.

ಡ್ರಾಪ್ ಶಾಟ್

ಇಷ್ಟೆಲ್ಲ ಯಾಕೆ ಗುರು? ಕೋರ್ಟಿಗೆ ಹೋಗಿ ಆಡಿ. ಕೈಗೆ ಹಿಡಿಸಿದರೆ ಇಟ್ಟುಕೊಳ್ಳಿ, ಇಲ್ಲ ಅಂದರೆ ಬಿಡಿ.

ಗ್ರಾಂ ಲೆಕ್ಕ

ಆಡಿ ನೋಡುವುದು ಬೇಕೇ ಬೇಕು. ಆದರೆ ಹೊಸ ರಾಕೆಟ್ ಮೊದಲ ದಿನ ಎಲ್ಲರಿಗೂ ಚೆನ್ನಾಗೇ ಅನಿಸುತ್ತದೆ. ಅಳತೆ ಇದ್ದರೆ ಯಾಕೆ ಹಿಡಿಸಿತು ಅಂತ ಗೊತ್ತಾಗುತ್ತದೆ. ಮುಂದಿನದು ಹುಡುಕುವಾಗ ಅದೇ ಕೆಲಸಕ್ಕೆ ಬರುವುದು.

ಸ್ವಿಂಗ್ ವೇಟ್ ಅಳೆಯುವುದು ಕಷ್ಟ ಇಲ್ಲ. ಗೋಡೆಯ ಮೇಲೆ ನುಣುಪಾದ ಒಂದು ತೆಳು ಮೊಳೆ ಇರಲಿ. ರಾಕೆಟ್ಟನ್ನು ತಲೆಕೆಳಗೆ ಮಾಡಿ ಹೆಡ್ಡಿನ ತುದಿಯಲ್ಲಿ ಎರಡು ದಾರಗಳ ನಡುವಿನ ಕಂಡಿಗೆ ಮೊಳೆ ತೂರಿಸಿ. ಫ್ರೇಮಿನ ಒಳ ಅಂಚು ಮೊಳೆ ಮೇಲೆ ಕೂರಬೇಕು, ಹಿಡಿ ಕೆಳಗೆ ನೇತಾಡಬೇಕು. ಸ್ವಲ್ಪವೇ ತಳ್ಳಿ ಬಿಡಿ. 50 ಓಲಾಟಕ್ಕೆ ಎಷ್ಟು ಹೊತ್ತು ಅಂತ ಫೋನಿನಲ್ಲಿ ವಿಡಿಯೋ ಮಾಡಿ ನೋಡಿ, ಒಂದು ಓಲಾಟದ ಸಮಯ ತೆಗೆಯಿರಿ. ಹೋಗಿ ಬಂದರೆ ಒಂದು ಓಲಾಟ.

ಆಮೇಲೆ ಹೀಗೆ: ತೂಕ ಕಿಲೋದಲ್ಲಿ × 9.8 × ಮೊಳೆಯಿಂದ ಬ್ಯಾಲೆನ್ಸ್ ಪಾಯಿಂಟ್‌ವರೆಗಿನ ದೂರ ಮೀಟರಲ್ಲಿ × ಸಮಯದ ವರ್ಗ ÷ 39.5. ಇದು ಮೊಳೆಯ ಸುತ್ತಲಿನ ಜಡತ್ವ. ಇದರಿಂದ ತೂಕ × ಆ ದೂರದ ವರ್ಗ ಕಳೆಯಿರಿ. ಬಂದದ್ದಕ್ಕೆ ತೂಕ × (ಬ್ಯಾಲೆನ್ಸ್ ಪಾಯಿಂಟ್‌ನಿಂದ 0.09 ಮೀಟರ್ ಕಳೆದದ್ದರ ವರ್ಗ) ಕೂಡಿಸಿ. 10,000ದಿಂದ ಗುಣಿಸಿದರೆ ಕಿಲೋ ಚದರ ಸೆಂ.ಮೀ. ಲೆಕ್ಕದಲ್ಲಿ ಸ್ವಿಂಗ್ ವೇಟ್ ಸಿಗುತ್ತದೆ. 97 ಗ್ರಾಂ, ಬ್ಯಾಲೆನ್ಸ್ 294, ಮೊಳೆ ಬುಡದಿಂದ 660ರಲ್ಲಿ, ಒಂದು ಓಲಾಟಕ್ಕೆ 1.426 ಸೆಕೆಂಡ್ ಬಂದರೆ ಉತ್ತರ 90ರ ಹತ್ತಿರ.

ಒಂದು ಎಚ್ಚರ. 20 ಓಲಾಟಕ್ಕೆ ನಿಲ್ಲಿಸಿ ಅರ್ಧ ಸೆಕೆಂಡ್ ತಪ್ಪಿದರೆ ಉತ್ತರ 6ರಷ್ಟು ಆಚೀಚೆ ಹೋಗುತ್ತದೆ. ಗಟ್ಟಿಂಗ್ ಹಾಕಿದಾಗ ಏರುವುದೇ 8. ಅದಕ್ಕೇ 50 ಹೇಳಿದ್ದು, ಅದಕ್ಕೇ ವಿಡಿಯೋ.

ಸ್ಮ್ಯಾಷ್ ಪ್ರಿಯ

ಇದರಲ್ಲಿ ಗಾಳಿ ಎಲ್ಲಿ ಬಂತು? ತೆಳು ಫ್ರೇಮ್ ರಾಕೆಟ್ ಬೀಸಿದರೆ ಸುಯ್ ಅನ್ನುತ್ತದೆ, ಡಬ್ಬಿ ಥರದ ದಪ್ಪ ಫ್ರೇಮ್ ಬೀಸಿದರೆ ಭುಸ್ ಅನ್ನುತ್ತದೆ. ಓಲಾಡಿಸಿ ನೋಡಿದರೆ ಅದು ಗೊತ್ತಾಗುತ್ತದಾ?

ಗ್ರಾಂ ಲೆಕ್ಕ

ಗೊತ್ತಾಗುವುದಿಲ್ಲ. ಸರಿಯಾಗಿ ಹಿಡಿದಿರಿ. ಗಾಳಿಯ ತಡೆ ವೇಗದ ವರ್ಗಕ್ಕೆ ಏರುತ್ತದೆ. ನಿಧಾನಕ್ಕೆ ಓಲಾಡುವಾಗ ಅದು ಲೆಕ್ಕಕ್ಕಿಲ್ಲ, ಪೂರ್ತಿ ಸ್ಮ್ಯಾಷ್‌ನಲ್ಲಿ ಇದೆ. ಸ್ವಿಂಗ್ ವೇಟ್ ಒಂದೇ ಇರುವ ಎರಡು ರಾಕೆಟ್ಟಿನಲ್ಲಿ ತೆಳು ಫ್ರೇಮಿನದು ವೇಗವಾಗಿ ಬರುತ್ತದೆ. ಮೊಳೆಯ ಅಳತೆ ಡಿಫೆನ್ಸ್‌ಗೆ ಹೆಚ್ಚು ನಿಜ, ಸ್ಮ್ಯಾಷ್‌ಗೆ ಕಡಿಮೆ.

ಬ್ಯಾಕ್‌ಹ್ಯಾಂಡ್ ಬಡವ

ಎಲ್ಲರಿಗೂ ಧನ್ಯವಾದ. ಹೆಡ್ ಲೈಟ್‌ನ ಎರಡೂ ಓವರ್‌ಗ್ರಿಪ್ ಬಿಚ್ಚಿ, ಮೂಲ ಗ್ರಿಪ್ ಮೇಲೆ ತೆಳುವಾದದ್ದು ಒಂದು ಮಾತ್ರ ಸುತ್ತಿದೆ. ಎರಡಕ್ಕೂ ಒಂದೇ ದಾರ, ಒಂದೇ ಟೆನ್ಷನ್ ಹಾಕಿಸಿದೆ. ಮೊಳೆ ಪ್ರಯೋಗ ಕೂಡ ಮಾಡಿದೆ, ಮನೆಯವರು ಒಂಥರಾ ನೋಡಿದರು. ಎರಡರ ಸ್ವಿಂಗ್ ವೇಟ್ ಹತ್ತಿರ ಹತ್ತಿರ ಒಂದೇ ಬಂತು! ಒಂದು 4ಯು ಹೆಡ್ ಹೆವಿ, ಇನ್ನೊಂದು 3ಯು ಹೆಡ್ ಲೈಟ್, ಆದರೂ ಒಂದೇ.

ಈಗ ಡ್ರೈವ್ ಆಡುವಾಗ ಎರಡರಲ್ಲೂ ವ್ಯತ್ಯಾಸ ಅಷ್ಟಾಗಿ ಗೊತ್ತಾಗುತ್ತಿಲ್ಲ. ಹಿಂದಿನಿಂದ ಕ್ಲಿಯರ್ ಹೊಡೆದರೆ ಮಾತ್ರ ಸ್ಟಿಫ್‌ನಲ್ಲಿ ಇನ್ನೂ ಅರ್ಧಕ್ಕೇ ಬೀಳುತ್ತದೆ, ಅದರಲ್ಲೂ ಬ್ಯಾಕ್‌ಹ್ಯಾಂಡ್. ಮುಂಗೈ ಬಿಗಿತ ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ.

ಹಳೇ ಕೋರ್ಟು

ಹಾಗಾದರೆ ಈಗ ಉಳಿದಿರುವ ಫರಕು ಶಾಫ್ಟಿನದು, ಬ್ಯಾಲೆನ್ಸಿನದಲ್ಲ. ಮೂರನೆಯದು ನೋಡುವಾಗ ಮೀಡಿಯಂ ಶಾಫ್ಟ್ ಬಿಡಬೇಡಿ. ಸ್ವಿಂಗ್ ವೇಟ್ ಮಾತ್ರ ಈಗಿನದಕ್ಕಿಂತ ಸ್ವಲ್ಪ ಕಡಿಮೆ ಇರಲಿ. 4ಯು ಈವನ್ ಅಥವಾ 5ಯು ಹೆಡ್ ಹೆವಿ, ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಒಂದೇ ಸಲ ಶಾಫ್ಟು, ಸ್ವಿಂಗ್ ವೇಟ್ ಎರಡೂ ಬದಲಾಯಿಸಬೇಡಿ, ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಸ್ಮ್ಯಾಷ್ ಪ್ರಿಯ

5ಯು ಹೆಡ್ ಹೆವಿನಾ? ಅದರ ಒಟ್ಟು ತೂಕವೇ ಇಲ್ಲ. ಎದುರಿನಿಂದ ಜೋರು ಸ್ಮ್ಯಾಷ್ ಬಂದರೆ ಬ್ಲಾಕ್ ಮಾಡುವಾಗ ರಾಕೆಟ್ ಕೈಯಲ್ಲಿ ಹೊರಳುತ್ತದೆ. ನಾನಂತೂ 4ಯು ಈವನ್ ಅನ್ನುತ್ತೇನೆ.

ನೆಟ್ ಕಾಯೋನು

ಇದೊಂದಕ್ಕೆ ನಾನೂ ಸ್ಮ್ಯಾಷ್ ಪ್ರಿಯರ ಕಡೆ. ತಗೊಳ್ಳುವಾಗ ಒಂದೇ ಮಾಡೆಲ್‌ನ ಎರಡು ಮೂರು ಪೀಸ್ ತೆಗೆಸಿ, ಬೆರಳ ಮೇಲೆ ಇಟ್ಟು ನೋಡಿ. ತಕ್ಕಡಿ ಸಿಕ್ಕರೆ ತೂಗಿ. 81 ಗ್ರಾಂ ಪೀಸ್ ಸಿಕ್ಕರೆ ಅದನ್ನೇ ಎತ್ತಿಕೊಳ್ಳಿ, 84.5ರದ್ದು ಬೇರೆಯವರಿಗೆ ಇರಲಿ.